ಹೊಸ ಸೈಕಲ್ಲಿಗೆ ಎಣ್ಣೆಸ್ನಾನ

ಸೈಕಲ್ ಕೊಳ್ಳುವವರೆಗೆ ನಾನು ತಕ್ಕಮಟ್ಟಿಗೆ ಬುದ್ಧಿವಂತ ಎಂದೇ ನಂಬಿದ್ದೆ. ಕೊಂಡ ಮೇಲೆ ವಾರಕ್ಕೊಂದು ಪ್ರಸಂಗ ನಡೆದು, ಆ ನಂಬಿಕೆಯ ಗಾಳಿ ಇಳಿಯುತ್ತಾ ಬಂತು. ಐವತ್ತರ ದಶಕದ ಕೊನೆಯ ಮಾತು. ತುಮಕೂರಿನಿಂದ ಮದ್ರಾಸಿಗೆ ಬಂದು ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಬಾಡಿಗೆಯ ಕೋಣೆ ರಾಯಪುರದಲ್ಲಿ. ಇಪ್ಪತ್ತಾರು ವರ್ಷವಾಗಿದ್ದರೂ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ನಮ್ಮ ಬೀದಿಯ ಸೈಕಲ್ ಶಾಪಿನ ಮೇಸ್ತ್ರಿಯೇ ಗಾಡಿ ಜೋಡಿಸಿಕೊಟ್ಟ, ಸೀಟು ಹಿಡಿದು ಹಿಂದೆ ಓಡಿ ತುಳಿಯುವುದನ್ನೂ ಕಲಿಸಿದ. ಅವನದು ಅಪ್ಪಟ ತಮಿಳು. ನನ್ನದು ತಮಿಳಿನ ವೇಷ ಹಾಕಿದ ಕನ್ನಡ.

ಕಸಾಯಿ ಕೆಲಸ

ವಾರ ಕಳೆಯುವಷ್ಟರಲ್ಲಿ ಮುಂದಿನ ಚಕ್ರ ಕುಡಿದವನ ಹಾಗೆ ಓಲಾಡತೊಡಗಿತು. ಮೇಸ್ತ್ರಿ ಅದನ್ನು ಎತ್ತಿ ಒಮ್ಮೆ ತಿರುಗಿಸಿದ. ಕಡ್ಡಿಗಳನ್ನು ಒಂದೊಂದಾಗಿ ಮೀಟಿದ. ಆಸ್ಪತ್ರೆಯಲ್ಲಿ ಡಾಕ್ಟರು ಸುಮ್ಮನಾದಾಗ ಆಗುತ್ತದಲ್ಲ, ಅಂಥ ದಿಗಿಲು ನನಗೆ.

"ಯಾವ ಮುಟ್ಠಾಳ ಸಾರ್ ಇದನ್ನ ಜೋಡಿಸಿದ್ದು? ಕಡ್ಡಿ ಒಂದೂ ಬಿಗಿ ಇಲ್ಲ. ಕಸಾಯಿ ಕೆಲಸ! ಅವನ ಕೈಗೆ ಸ್ಪ್ಯಾನರ್ ಕೊಟ್ಟವರಿಗೆ ಬುದ್ಧಿ ಇಲ್ಲ."

"ನೀವೇ ಮೇಸ್ತ್ರಿ. ಹೋದ ಗುರುವಾರ."

ಅವನು ಇನ್ನೊಮ್ಮೆ ಚಕ್ರ ತಿರುಗಿಸಿದ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

"ಅದೇ ನೋಡಿದೆ ಸಾರ್. ಜೋಡಿಸಿರೋದು ಎಷ್ಟು ಚೆನ್ನಾಗಿದೆ! ನೀವು ತುಳಿದು ಕೆಡಿಸಿದ್ದೀರಿ."

ಕೆಂಪು ಶಾಯಿ

ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಕನ್ನಡಿಗರು. ಎಲ್ಲ ವಿಷಯದಲ್ಲೂ ಅವರಿಗೆ ಅಭಿಪ್ರಾಯವಿತ್ತು, ಕೇಳುವವರು ಬೇಕಿರಲಿಲ್ಲ.

"ಸೈಕಲ್ ಶಾಪಲ್ಲಿ ಹೊಸ ಗಾಡಿ ಬಿಟ್ಟು ಬಂದೀಯಾ, ಜೋಕೆ!" ಎಂದರು. "ಹೊಸ ಸಾಮಾನು ತೆಗೆದು ಹಳೇದು ಹಾಕ್ತಾನೆ. ಒಂದೊಂದು ಸಾಮಾನಿಗೂ ಗುರುತು ಹಾಕು."

ನಾನು ಕಚೇರಿಯ ಕೆಂಪು ಶಾಯಿ ತಂದು ಪೆಡಲ್, ಚೈನ್ ಕವರ್, ಮಡ್‌ಗಾರ್ಡ್, ಕೊನೆಗೆ ಬೆಲ್ಲಿನ ಬಟ್ಟಲಿನ ಒಳಗೂ ನನ್ನ ಇನಿಷಿಯಲ್ ಬರೆದೆ. ಒಂದು ಭಾನುವಾರದ ಬೆಳಗು ಪೂರಾ ಅದಕ್ಕೇ ಹೋಯಿತು. ಬಳಿಕ ಧೈರ್ಯವಾಗಿ ಗಾಡಿಯನ್ನು ಸರ್ವೀಸಿಗೆ ಬಿಟ್ಟುಬಂದೆ.

ಸಂಜೆ ಹೋದರೆ ಸೈಕಲ್ ಮದುಮಗನ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿಯ ಮುಖವೂ.

"ಯಾವನೋ ಹಾಳಾದವನು ನಿಮ್ಮ ಗಾಡಿ ಮೇಲೆಲ್ಲ ಕೆಂಪಗೆ ಗೀಚಿದ್ದ ಸಾರ್. ಸೀಮೆಎಣ್ಣೆ ಹಾಕಿ ತಿಕ್ಕಿ ತಿಕ್ಕಿ ತೆಗೆದೆ. ಬೆಲ್ಲನ್ನೂ ಬಿಟ್ಟಿರಲಿಲ್ಲ ಆ ಹುಚ್ಚ!"

ಮರುದಿನ ಹೆಡ್ ಕ್ಲಾರ್ಕಿಗೆ ಹೇಳಿದೆ. "ನಿಮ್ಮ ಸೈಕಲ್ಲಿಗೆ ಹೇಗೆ ಗುರುತು ಹಾಕಿದ್ದಿರಿ ಸಾರ್?"

"ನನಗ್ಯಾಕಯ್ಯಾ ಸೈಕಲ್ಲು?" ಎಂದರು. "ನಾನು ಟ್ರಾಮು ನಿಂತಾಗಿನಿಂದ ಬಸ್ಸಲ್ಲೇ ಬರೋದು."

ಓವರಾಯಿಲ್

"ಮುಂದಿನ ತಿಂಗಳು ಓವರಾಯಿಲ್ ಮಾಡಬೇಕು ಸಾರ್" ಎಂದಿದ್ದ ಮೇಸ್ತ್ರಿ.

ಗಾಡಿಯನ್ನು ಪೂರ್ತಿ ಬಿಚ್ಚಿ, ತೊಳೆದು, ಗ್ರೀಸು ಹಾಕಿ ಮತ್ತೆ ಜೋಡಿಸುವ ಕೆಲಸಕ್ಕೆ ಇಂಗ್ಲಿಷಿನವರು ಓವರ್‌ಹಾಲ್ ಅನ್ನುತ್ತಾರೆ. ಆ ಮಾತು ರಾಯಪುರಕ್ಕೆ ಬರುವಷ್ಟರಲ್ಲಿ ಓವರಾಯಿಲ್ ಆಗಿತ್ತು. ನಾನು ಬಿ.ಎ. ಓದಿದವನು. ಓವರ್ ಅಂದರೆ ಜಾಸ್ತಿ, ಆಯಿಲ್ ಅಂದರೆ ಎಣ್ಣೆ. ಇದಕ್ಕೊಬ್ಬ ಮೇಸ್ತ್ರಿ ಬೇಕೇ? ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಂದು ಚೈನಿಗೆ ಸುರಿದೆ, ಕಡ್ಡಿಗಳಿಗೆ ಸವರಿದೆ. ಬಾಟಲಿಯಲ್ಲಿ ಉಳಿದದ್ದನ್ನು ಯಾಕೆ ಕೆಡಿಸುವುದೆಂದು ಎರಡೂ ರಿಮ್ಮಿಗೆ, ಬ್ರೇಕಿನ ರಬ್ಬರಿಗೆ ಚೆನ್ನಾಗಿ ತಿಕ್ಕಿದೆ.

ಮರುದಿನ ಬೆಳಿಗ್ಗೆ ಬೀದಿಗಿಳಿದಾಗ, ಬ್ರೇಕ್ ಹಿಡಿದಷ್ಟೂ ಗಾಡಿ ಸಲೀಸಾಗಿ ಓಡಿತು. ಕೊನೆಗೆ ಮೇಸ್ತ್ರಿಯ ಅಂಗಡಿಯ ಕಂಬ ತಬ್ಬಿ ನಿಂತೆ.

ಅವನು ರಿಮ್ಮಿನ ಮೇಲೆ ಬೆರಳಾಡಿಸಿ ಮೂಸಿದ. ನನ್ನ ತಲೆಯನ್ನೊಮ್ಮೆ ನೋಡಿದ, ಸೈಕಲ್ಲನ್ನೊಮ್ಮೆ ನೋಡಿದ.

"ಎಣ್ಣೆಸ್ನಾನ ಶನಿವಾರ ಅಲ್ವಾ ಸಾರ್? ಇವತ್ತು ಮಂಗಳವಾರ. ಇರಲಿ, ಸೀಗೇಕಾಯಿ ತಂದಿದ್ದೀರಾ?"

ಬ್ರೇಕ್ ಪುಡಿ

ಅವತ್ತೇ ಅವನು ಸೋಪಿನ ನೀರಿನಲ್ಲಿ ಎಲ್ಲ ಉಜ್ಜಿ, ಬ್ರೇಕಿನ ರಬ್ಬರು ಬದಲಿಸಿದ. "ಬೀದಿ ಕೊನೆವರೆಗೆ ಒಂದು ರೌಂಡ್ ಹೋಗಿ ಬನ್ನಿ" ಎಂದ. ನಾನು ಕಚೇರಿಗೆಂದು ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದೆ. ತಡವಾಗುತ್ತಿತ್ತು. ಜೋರಾಗಿ ತುಳಿದೆ.

ಬೀದಿಯ ಮೂಲೆಯಲ್ಲಿ ಕಾಸಿಮೇಡಿನಿಂದ ಬಂದ ಮೀನಿನ ಹೆಂಗಸು ಬುಟ್ಟಿ ಇಳಿಸಿಕೊಂಡು ಕುಳಿತಿದ್ದಳು. ನಾನು ನೇರ ಅವಳತ್ತಲೇ ಹೋಗುತ್ತಿರುವುದನ್ನು ಕಂಡು ಮೇಸ್ತ್ರಿ ಹಿಂದಿನಿಂದ ಕಿರುಚಿಕೊಂಡು ಓಡಿಬಂದ.

"ಬ್ರೇಕ್ ಪುಡಿ ಸಾರ್! ಬ್ರೇಕ್ ಪುಡಿ!"

ಹೊಸ ಬ್ರೇಕು ಆಗಲೇ ಪುಡಿಪುಡಿಯಾಯಿತೇ! ಪುಡಿಯಾದ ಬ್ರೇಕನ್ನು ಒತ್ತಿ ಏನು ಪ್ರಯೋಜನ? ಎರಡೂ ಕೈ ಬಿಟ್ಟು ದೇವರ ಮೇಲೆ ಭಾರ ಹಾಕಿದೆ. ದೇವರು ಬುಟ್ಟಿಯೊಳಕ್ಕೆ ಇಳಿಸಿದ.

"ಮೀನು ಬೇಕಾದರೆ ಬಾಯಿಬಿಟ್ಟು ಕೇಳಬೇಕಯ್ಯಾ! ಮೇಲೆ ಬಿದ್ದು ತಗೋತಾರಾ?" ಎಂದು ಅವಳು ಇಡೀ ಬೀದಿಗೆ ಕೇಳುವಂತೆ ಹೇಳಿದಳು. ಏದುಸಿರು ಬಿಡುತ್ತಾ ಬಂದ ಮೇಸ್ತ್ರಿ ಬ್ರೇಕನ್ನು ಕೈಯಾರೆ ಹಿಡಿದು ತೋರಿಸಿದ: ತಮಿಳಿನಲ್ಲಿ ಪುಡಿ ಅಂದರೆ ಹಿಡಿ.

ಆ ಅವತಾರದಲ್ಲಿ ಕೋಣೆಗೆ ಹೋದರೆ ಮನೆಯೊಡತಿ ಸಾಮಾನು ಹೊರಗೆಸೆಯುತ್ತಿದ್ದರು. ಎದುರಿಗೇ ಉಡುಪಿಯವರ ಹೋಟೆಲಿತ್ತು. ಅದರ ಮಾಲೀಕರು ಬಲು ಮಡಿವಂತರು. ಅಡುಗೆಮನೆಗೆ ಬೆಳ್ಳುಳ್ಳಿಯನ್ನೂ ಸೇರಿಸದವರು. ಕೈಕಾಲು ತೊಳೆಯೋಣವೆಂದು ಬಾಗಿಲಿಗೆ ಹೋದೆ.

"ಅಲ್ಲೇ ನಿಲ್ಲಿ ಮಾರಾಯ್ರೆ!" ಗಲ್ಲಾದಿಂದಲೇ ಗುಡುಗಿದರು. ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. "ಎಂತ ನಾತ ಇದು! ಮೂವತ್ತು ವರ್ಷದ ಶುದ್ಧ ಹೋಟೆಲು ನನ್ನದು! ಹಿತ್ತಲಿಗೆ ಹೋಗಿ, ಹಿತ್ತಲಿಗೆ!"

ಹಿತ್ತಲಿನ ನಲ್ಲಿಗೆ ತಾವೂ ಮೂಗು ಮುಚ್ಚಿಕೊಂಡು ಬಂದರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೂಗಿನಿಂದ ಕೈ ತೆಗೆದರು.

"ಯಾವ ಮೀನು, ಬಂಗುಡೆಯಾ?"

"ಗೊತ್ತಿಲ್ಲ ಸ್ವಾಮಿ. ಮೇಲೆ ಬಿದ್ದೆ ಅಷ್ಟೆ, ಪರಿಚಯ ಆಗಲಿಲ್ಲ."

ಅವರು ನನ್ನ ಹೆಗಲಿಗೆ ಅಂಟಿದ್ದ ಮೀನಿನ ಒಂದು ಹುರುಪೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. "ಅಲ್ಲ, ಬೂತಾಯಿ. ಬೆಳಗಿನ ಬಲೆಯದ್ದೇ."

"ಅದು ನಿಮಗೆ ಹೇಗೆ ಗೊತ್ತು?"

"ಛೆ ಛೆ! ನಮಗೆ ಎಂತ ಗೊತ್ತು ಮಾರಾಯ್ರೆ!" ಎಂದು ಹುರುಪೆ ಎಸೆದು ಕೈ ತೊಳೆದುಕೊಂಡರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು.

"ಆ ಹೆಂಗಸು ದಿನಾ ಅಲ್ಲೇ ಕೂರ್ತಾಳಾ?"