ಕಮಲಾಪುರದ ಬೋಗುಣಿಗೆ, ಬ್ರಹ್ಮಪುರದ ಮುಚ್ಚಳದ ಪರವಾಗಿ

ಶ್ರೀಮತ್ ತಾಮ್ರದ ದೊಡ್ಡ ಬೋಗುಣಿಯವರ ಸನ್ನಿಧಾನಕ್ಕೆ,
ಮಲ್ಲಣ್ಣನವರ ಮನೆಯ ಹಿಂದಿನ ಕೋಣೆ, ಕಮಲಾಪುರ.

ಮಾನ್ಯರೇ,

ತಮ್ಮ ಕಲಾಯಿ ಎಂದೂ ಮಾಸದಿರಲಿ, ತಮ್ಮ ತಳ ಎಂದೂ ಸೀಯದಿರಲಿ ಎಂದು ಹಾರೈಸುತ್ತಾ, ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಮನೆಯಿಂದ ಈ ಪತ್ರ ಬರೆಯುತ್ತಿರುವವಳು ಪ್ರೀತಿ, ಅಂದರೆ ತಮ್ಮ ಯಜಮಾನ ಮಲ್ಲಣ್ಣನವರ ತಮ್ಮನಾದ ವಿವೇಕಾನಂದ ಅವರ ಹೆಂಡತಿ. ವೃತ್ತಿಯಿಂದ ನಾನು ಶಾಲಾ ಶಿಕ್ಷಕಿ, ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ಮನೆಯ ಗಂಡಸರಿಗೆ ಹೇಳಿ ಹೇಳಿ ಬಾಯಿ ನೋವು ಬಂದಿರುವುದರಿಂದ, ಅವರಿಗಿಂತ ತಾಮ್ರವೇ ಬೇಗ ಕಾಯುತ್ತದೆ ಎಂಬ ನಂಬಿಕೆಯಿಂದ ತಮ್ಮ ಕಡೆ ತಿರುಗಿದ್ದೇನೆ.

ನಾಡಿದ್ದು ಎಳ್ಳಮಾವಾಸ್ಯೆ. ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ ನಾವೂ ಉಣ್ಣುವ ದಿನ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಮೆಂತ್ಯ, ಪಾಲಕ, ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಬದನೆಕಾಯಿ ಎಲ್ಲವನ್ನೂ ತಮ್ಮ ಹೊಟ್ಟೆಗೆ ಹಾಕಿಕೊಂಡು, ಒಂದಕ್ಕೂ ಬೇಸರ ಮಾಡದೆ ಭಜ್ಜಿಯಾಗಿ ಬೇಯಿಸಿ ಕೊಟ್ಟವರು ತಾವೇ. ಅಂಥ ತಾವು ಈಗ ಹಿಂದಿನ ಕೋಣೆಯಲ್ಲಿ ಕೂತು ಕಮಲಾಪುರದ ಕೆಂಬಾಳೆಯ ಗೊನೆಗಳನ್ನು ಹಣ್ಣು ಮಾಡುವ ಉದ್ಯೋಗ ಹಿಡಿದಿದ್ದೀರಿ ಎಂದು ಕೇಳಿ ಸಂತೋಷವಾಯಿತು. ಮುಚ್ಚಳವಿಲ್ಲದ ಕಾರಣ ತಲೆಗೆ ಗೋಣಿಚೀಲ ಹೊದ್ದಿದ್ದೀರಂತೆ. ಚಳಿಗಾಲವಲ್ಲವೇ, ಒಳ್ಳೆಯದೇ.

ತಮ್ಮ ಮುಚ್ಚಳದವರು ನಮ್ಮಲ್ಲಿ ಕ್ಷೇಮ. ಅವರನ್ನು ಅಂಗಾತ ಮಲಗಿಸಿ ಮೂರು ಹೊತ್ತೂ ಜೋಳದ ಹಿಟ್ಟು ನಾದುತ್ತೇನೆ. ಅಣ್ಣತಮ್ಮಂದಿರು ಪಾಲಾದ ದಿನ ತಮ್ಮಿಬ್ಬರನ್ನೂ ಬೇರೆ ಮಾಡಿದ ಊರ ಹಿರಿಯರ ನ್ಯಾಯಬುದ್ಧಿಯನ್ನು ನಾನು ಈಗಲೂ ಮೆಚ್ಚುತ್ತೇನೆ. ಹೊಲ ಎರಡಾಯಿತು, ನಡುವೆ ಬದು ಬಂತು, ಎತ್ತು ಹಂಚಿದರು, ಹಗ್ಗ ಹಂಚಿದರು. ದೊಡ್ಡ ಬೋಗುಣಿ ಮಾತ್ರ ಒಂದೇ ಇತ್ತು. ಯಾರಿಗೂ ಅನ್ಯಾಯವಾಗಬಾರದೆಂದು ಬಹಳ ಹೊತ್ತು ಮೀಸೆ ತಿರುವಿ, "ಬೋಗುಣಿ ದೊಡ್ಡಾತಗ, ಮುಚ್ಚಳ ಸಣ್ಣಾತಗ, ಇಬ್ಬರಿಗೂ ತಾಮ್ರ ಬಂತಲ್ಲ, ಮುಗೀತು" ಎಂದು ತೀರ್ಪು ಕೊಟ್ಟು ಚಹಾ ಕುಡಿದು ಎದ್ದರು. ಅಣ್ಣತಮ್ಮಂದಿರಿಬ್ಬರೂ ತಲೆಯಾಡಿಸಿದರು. ಅಡುಗೆ ಮಾಡುವವರನ್ನು ಯಾರೂ ಕೇಳಲಿಲ್ಲ.

ಅಂದಿನಿಂದ ಎರಡು ಮನೆಯವರೂ ಬದುವಿನ ಆಚೆಗೊಬ್ಬರು ಈಚೆಗೊಬ್ಬರು ಚರಗ ಚೆಲ್ಲಿ, ಬೆನ್ನು ತಿರುಗಿಸಿ ಕೂತು ಉಂಡದ್ದಾಯಿತು. ಈ ಸಲ ನನ್ನ ಅತ್ತೆ ಭಾಗಮ್ಮನವರು ಆಜ್ಞೆ ಹೊರಡಿಸಿದ್ದಾರೆ. ತನ್ನ ಇಬ್ಬರು ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತರೆ ಮಾತ್ರ ತಾನು ಉಣ್ಣುವುದು, ಇಲ್ಲದಿದ್ದರೆ ಇಲ್ಲ. ನೆಂಟರಿಷ್ಟರು, ನೆರೆಹೊಲದವರು ಸೇರಿ ನಲವತ್ತು ಜನ. ಅಡುಗೆ ನನ್ನದು. ನನ್ನ ಸೈನ್ಯದ ವಿವರ ಕೇಳಿದರೆ ತಾವು ನಗುತ್ತೀರಿ: ಎರಡು ಒಲೆಯ ಗ್ಯಾಸ್, ಅದರಲ್ಲಿ ಒಂದು ಮನಸ್ಸು ಬಂದಾಗ ಮಾತ್ರ ಉರಿಯುತ್ತದೆ, ಐದು ಲೀಟರಿನ ಒಂದು ಕುಕ್ಕರ್, ನಡುವೆ ತಗ್ಗು ಬಿದ್ದ ಒಂದು ರೊಟ್ಟಿ ಹಂಚು.

ಬಾಡಿಗೆಗೆ ತರಬಾರದೇ ಎಂದು ತಾವು ಕೇಳಬಹುದು. ಕೋಟೆಯ ಹತ್ತಿರ ಪಾತ್ರೆ ಬಾಡಿಗೆಗೆ ಕೊಡುವ ಮಕ್ಬೂಲ್ ಭಾಯಿ ಅವರ ಅಂಗಡಿಗೂ ಹೋಗಿ ಬಂದೆ. "ಅಮಾಸಿ ಬಂತಂದ್ರ ನನ್ನ ದುಕಾನದಾಗ ಚಮಚಾ ಭೀ ಉಳಿಯಂಗಿಲ್ರಿ ಅಕ್ಕಾರ. ಒಂದು ಬಿರಿಯಾನಿ ಡೇಗ ಅದ, ಆದ್ರ ಅದು ನಿಮ್ಮ ಅತ್ತಿಯವರಿಗೆ ನಡಿಯಂಗಿಲ್ಲ" ಎಂದು ಅವರೇ ನನಗಿಂತ ಹೆಚ್ಚು ನೊಂದುಕೊಂಡರು.

ಕೊನೆಗೆ ಕಳೆದ ಭಾನುವಾರ ಕುಕ್ಕರಿನಲ್ಲೇ ತಾಲೀಮು ನಡೆಸಿದೆ. ಒಂದು ಸಲ ಬೇಯಿಸಿ ಬಕೆಟ್ಟಿಗೆ ಸುರಿದು, ಮತ್ತೆ ಬೇಯಿಸಿ ಮತ್ತೆ ಸುರಿದು, ಅಡುಗೆಮನೆಯೆಲ್ಲ ರೈಲ್ವೆ ಸ್ಟೇಶನ್ನಿನಂತೆ ಸೀಟಿ ಹೊಡೆಯಿತು. ಒಂದು ಸಲದ್ದು ಹುಳಿ, ಒಂದು ಸಲದ್ದು ಖಾರ, ಇನ್ನೊಂದರಲ್ಲಿ ತೊಗರಿ ಕರಗಿ ಕಾಣೆಯಾಗಿತ್ತು. ಅತ್ತೆಯವರು ಬೆರಳಿನಿಂದ ತುಸು ನೆಕ್ಕಿ ನೋಡಿ, "ಏನವ್ವಾ ಇದು, ಏಳು ಮನಿ ಭಿಕ್ಷಾ ಬೇಡಿ ತಂದಂಗ ಆಗ್ಯಾದಲ್ಲ. ಭಜ್ಜಿ ಒಂದೇ ಬೋಗುಣ್ಯಾಗ ಬೇಯಬೇಕು, ಮ್ಯಾಲ ಮುಚ್ಚಳ ಇರಬೇಕು" ಎಂದರು. ನನಗೆ ಸಿಟ್ಟು ಬಂತು. ಆದರೆ ನಾನೂ ನೆಕ್ಕಿ ನೋಡಿದ್ದೆ, ಅವರ ಮಾತು ನಿಜವಿತ್ತು.

ಹೀಗಾಗಿ ತಮ್ಮ ಆಗಮನ ಅನಿವಾರ್ಯವಾಗಿದೆ. ಆದರೆ ತಮ್ಮನ್ನು ಕರೆಯುವವರು ಯಾರು? ನಮ್ಮ ಮನೆಯವರು ಹೇಳುತ್ತಾರೆ, "ಬೋಗುಣಿ ಅವರ ಹತ್ರ ಅದ, ಅವರೇ ತರ್ಲಿ. ನಾವ್ಯಾಕ ಕೈ ಒಡ್ಡಬೇಕು?" ಭಾವನವರು ಹೇಳುತ್ತಾರಂತೆ, "ಮುಚ್ಚಳ ಇಲ್ದ ಬೋಗುಣಿ ಒಯ್ದು ಏನ್ ಮಾಡ್ತಾರ? ಮುಚ್ಚಳ ತಗೊಂಡು ಬರ್ಲಿ, ನಾ ಏನ್ ಒಲ್ಲೆ ಅಂತೀನೇನು?" ಇದನ್ನು ನನಗೆ ಮುಟ್ಟಿಸಿದವರು ನನ್ನ ನೆಗೆಣ್ಣಿ, ಭಾವನವರ ಹೆಂಡತಿ ಮಲ್ಲಿಕಾ ಅಕ್ಕ. ನಾವಿಬ್ಬರೂ ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಪಾಲು ಮಾಡುವಾಗ ನಮ್ಮನ್ನು ಹಂಚಲು ಹಿರಿಯರು ಮರೆತುಬಿಟ್ಟರು.

ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ, ಕೆಂಬಾಳೆಗಳನ್ನು ಮೆಲ್ಲನೆ ನೆಲಕ್ಕಿಳಿಸಿ, ಕೋಣೆಯ ಹೊಸ್ತಿಲು ದಾಟಿ, ಹುಮನಾಬಾದ ರಸ್ತೆಯ ಎಡಬದಿಯಲ್ಲಿ ಉರುಳುತ್ತಾ ಕಲಬುರಗಿಗೆ ಬಿಜಯಂಗೈಯಬೇಕೆಂದು ವಿನಂತಿ. ದಾರಿಯಲ್ಲಿ ಯಾರಾದರೂ ತಡೆದು ಎಲ್ಲಿಗೆ ಎಂದರೆ, ಶರಣಬಸವೇಶ್ವರರ ಗುಡಿಗೆ ಎನ್ನಿ, ಯಾರೂ ಎರಡನೇ ಮಾತು ಕೇಳುವುದಿಲ್ಲ. ತಾವು ಬರುವುದು ಮರ್ಯಾದೆಗೆ ಕಡಿಮೆಯಾಗುವುದಾದರೆ ಮುಚ್ಚಳದವರನ್ನೇ ಅರ್ಧ ದಾರಿಗೆ ಉರುಳಿಸಿ ಕಳಿಸುತ್ತೇನೆ. ನಡುದಾರಿಯಲ್ಲಿ ಒಂದು ಬೇವಿನ ಮರ ನೋಡಿಕೊಂಡು ಇಬ್ಬರೂ ಒಂದೇ ಕ್ಷಣಕ್ಕೆ ಮುಟ್ಟಿದರೆ, ಯಾರು ಮೊದಲು ಬಗ್ಗಿದರು ಎಂಬ ಪ್ರಶ್ನೆಯೇ ಇರುವುದಿಲ್ಲ. ಇದಕ್ಕೂ ಒಪ್ಪದಿದ್ದರೆ ತಾವು ಖಂಡಿತವಾಗಿಯೂ ನಮ್ಮ ಮನೆತನದವರೇ.

ಮಾನ್ಯರೇ, ತಮಾಷೆ ಸಾಕು. ನನಗೆ ಭಯವಾಗಿದೆ. ಇವತ್ತು ಮುಂಜಾನೆ ಅತ್ತೆಯವರು ಸೊಪ್ಪು ಸೋಸುತ್ತಾ, ಯಾರ ಮುಖವನ್ನೂ ನೋಡದೆ, "ನಂದೇನ್ ಚಿಂತಿ ಮಾಡಬ್ಯಾಡ್ರಿ. ಹ್ವಾದ ವರ್ಷದಂಗ ಬದುವಿನ ಮ್ಯಾಲ ಕುಂದರ್ತೀನಿ. ಅದೊಂದು ಯಾರ ಪಾಲಿಗೂ ಬಂದಿಲ್ಲ" ಎಂದರು. ಹೋದ ವರ್ಷ ಅವರು ಹಾಗೆ ಕೂತು ಆಚೆಯಿಂದ ಒಂದು ತುತ್ತು, ಈಚೆಯಿಂದ ಒಂದು ತುತ್ತು ಉಂಡು, ಹೊಟ್ಟೆ ತುಂಬಿತೆಂದು ಎದ್ದದ್ದನ್ನು ನಾನು ನೋಡಿದ್ದೇನೆ. ತುಂಬಿರಲಿಲ್ಲ. ಈ ಸಲ ಆ ಎರಡು ತುತ್ತನ್ನೂ ಅವರು ಮುಟ್ಟುವುದಿಲ್ಲ. ಆ ಮಾತು ಕೇಳಿ ನಮ್ಮ ಮನೆಯವರ ಕೈಯೊಳಗಿನ ರೊಟ್ಟಿ ಅಲ್ಲೇ ನಿಂತಿತು. ಅರ್ಧಕ್ಕೇ ಎದ್ದು ಕೈ ತೊಳೆದರು.

ತಮ್ಮ ಮೌನವನ್ನೇ ಒಪ್ಪಿಗೆ ಎಂದು ತಿಳಿದು, ಸೌಟು ಹಿಡಿದು ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಪ್ರೀತಿ
ಮುಚ್ಚಳದ ಹಂಗಾಮಿ ಪಾಲಕಿ, ಬ್ರಹ್ಮಪುರ

ತಾ.ಕ.: ಪತ್ರ ಮುಗಿಸಿ ಅಡುಗೆಮನೆಗೆ ಬಂದರೆ, ನಾನು ನಾದಿಟ್ಟ ಹಿಟ್ಟು ಹಳೆಯ ಪೇಪರಿನ ಮೇಲೆ ಕೂತಿದೆ, ಮುಚ್ಚಳದವರು ನಾಪತ್ತೆ. ಕಿಟಕಿಯಿಂದ ನೋಡಿದೆ. ಹುಣಸೆಹಣ್ಣು ತರುತ್ತೇನೆಂದು ಹೊರಟ ನಮ್ಮ ಮನೆಯವರು ಮುಚ್ಚಳವನ್ನು ಟವೆಲಿನಿಂದ ಮೋಟರ್ ಸೈಕಲ್ಲಿಗೆ ಕಟ್ಟಿ ಹುಮನಾಬಾದ ರಸ್ತೆಯ ಕಡೆ ತಿರುಗಿಸಿದರು. ಅವರು ಬಾಗಿಲಲ್ಲಿ ನಿಂತು "ಬೋಗುಣಿ ಒಯ್ಯಾಕ ಬಂದೀನಿ" ಎನ್ನುತ್ತಾರೆ, ಭಾವನವರು "ಒಯ್ಯಿ" ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ಮಾತು ಆ ಮನೆತನದ ಗಂಡಸರಿಗೆ ಬರುವುದಿಲ್ಲ. ಆದ್ದರಿಂದ ಕೊನೆಯದೊಂದು ಕೋರಿಕೆ: ಆ ಗಳಿಗೆಯಲ್ಲಿ ತಾವು ದಯವಿಟ್ಟು, ಒಬ್ಬರೇ ಎತ್ತಲಾರದಷ್ಟು ಭಾರವಾಗಿರಬೇಕು.