ನಿದ್ದೆಗೆ ಮುಂಚಿನ ಅರ್ಧ ವಾಕ್ಯ

ನನ್ನ ಸೋದರಮಾವ ದೇವರ ವಿಷಯ ಎತ್ತಿ ಈವರೆಗೆ ಸಾವಿರಾರು ಜನರನ್ನು ನಿದ್ದೆಗೆ ಕಳಿಸಿದ್ದಾರೆ. ತಡೆಯಿರಿ, ಅವರು ಪ್ರವಚನಕಾರರಲ್ಲ! ಪ್ರವಚನಕಾರರು ಅದೇ ಕೆಲಸವನ್ನು ಬರೀ ಬಾಯಿಂದ ಮಾಡುತ್ತಾರೆ. ನಮ್ಮ ಮಾವನಿಗೆ ಜೊತೆಗೊಂದು ಸಿರಿಂಜು ಬೇಕು. ಅವರು ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು, ಇಷ್ಟೇ ತಮ್ಮ ಕೆಲಸ ಎನ್ನುತ್ತಾರೆ. "ನಡುವೆ ಕತ್ತರಿಸೋದು, ಹೊಲಿಯೋದು ಎಲ್ಲ ಟೈಲರುಗಳದ್ದು." ಇದನ್ನು ಸರ್ಜನ್ನುಗಳ ಎದುರಿಗೇ ಹೇಳುತ್ತಾರೆ.

ಬೇರೆ ಅರಿವಳಿಕೆ ಡಾಕ್ಟರುಗಳು ಮದ್ದು ಕೊಡುವಾಗ "ಹತ್ತರಿಂದ ಹಿಂದಕ್ಕೆ ಎಣಿಸಿ" ಎನ್ನುತ್ತಾರಂತೆ. ಮಾವ ಹಾಗಲ್ಲ. ಹಾಲಿನಷ್ಟು ಬೆಳ್ಳಗಿರುವ ಆ ಮದ್ದನ್ನು ನಿಧಾನಕ್ಕೆ ಒತ್ತುತ್ತಾ, ಬಸ್ಸಿನಲ್ಲಿ ಪಕ್ಕದ ಸೀಟಿನವರ ಊರು ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದರು: "ದೇವರು ಅಂದ್ರೆ ಏನು? ಒಂದೇ ವಾಕ್ಯದಲ್ಲಿ ಹೇಳಿ ನೋಡೋಣ."

ಇಂಗ್ಲಿಷಿನವರಿಗೆ ಇಂಗ್ಲಿಷಿನಲ್ಲಿ, ಸ್ವಾಹಿಲಿಯವರಿಗೆ ಸ್ವಾಹಿಲಿಯಲ್ಲಿ, ಗುಜರಾತಿಗಳಿಗೆ ಹರುಕುಮುರುಕು ಗುಜರಾತಿಯಲ್ಲಿ. ಈವರೆಗೆ ಒಬ್ಬರೂ ವಾಕ್ಯ ಮುಗಿಸಿಲ್ಲ.

ಮುಗಿಸುವುದಾದರೂ ಹೇಗೆ? ಅರ್ಧ ನಿಮಿಷ ಎಚ್ಚರವಿದ್ದರೆ ಹೆಚ್ಚು! ಆದರೆ ಮಾವ ಮದ್ದಿನ ಮೇಲೆ ತಪ್ಪು ಹೊರಿಸಲು ಬಿಡುವುದಿಲ್ಲ. "ಮನೆ ಅಡ್ರೆಸ್ ಕೇಳು, ಫ್ಲ್ಯಾಟ್ ನಂಬರ್ ಸಮೇತ ಹೇಳಿ ಮಲಗ್ತಾರೆ. ಹೆಂಡತಿ ಅಡುಗೆ ಬಗ್ಗೆ ಕೇಳು, ಎರಡು ವಾಕ್ಯ ಹೇಳ್ತಾರೆ. ಇದೊಂದೇ ಕಣೆ ಮುಗಿಯದೆ ಇರೋದು. ಮದ್ದು ಸರಿಯಾಗೇ ಇದೆ."

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಹೋದ ವರ್ಷ ನನ್ನ ಒಂಬತ್ತು ವರ್ಷದ ಮಗಳು ಶಾಲೆಯ ಆಟದ ಕಂಬಿಯಿಂದ ಬಿದ್ದು, ಮೊಣಕೈ ಮುರಿದುಕೊಂಡು, ಮಾವನ ಆಪರೇಷನ್ ಮೇಜಿನ ಮೇಲೆ ಮಲಗಬೇಕಾಯಿತು. ಆ ದಿನದ ನನ್ನ ನೆನಪು ತುಂಬ ಅಚ್ಚುಕಟ್ಟಾಗಿದೆ. ಹಾಗಾಗಿ ಅದರ ಮೇಲೆ ನನಗೆ ನಂಬಿಕೆಯಿಲ್ಲ. ಹೆದರಿದ್ದ ತಾಯಿಯ ನೆನಪು ಇಸ್ತ್ರಿ ಮಾಡಿಟ್ಟ ಸೀರೆಯ ಹಾಗೆ ಇರಲು ಸಾಧ್ಯವೆ? ಆದ್ದರಿಂದ ಮೊದಲು ಸಾಕ್ಷಿ ಇರುವ ಸಂಗತಿಗಳನ್ನು ಹೇಳಿಬಿಡುತ್ತೇನೆ.

ಸಾಕ್ಷಿ ಎಂದರೆ ಮಾವನ ನೀಲಿ ರಟ್ಟಿನ ನೋಟ್‌ಬುಕ್ಕು. ಅದರಲ್ಲಿ ರೋಗಿಗಳ ಹೆಸರಿಲ್ಲ. ಉದ್ಯೋಗ, ಕಾಯಿಲೆ, ಮತ್ತು ದೇವರ ಬಗ್ಗೆ ಹೇಳಿದ ಅರ್ಧ ವಾಕ್ಯ, ಅಷ್ಟೆ. ಬ್ಯಾಂಕ್ ಮ್ಯಾನೇಜರ್, ಅಪೆಂಡಿಕ್ಸ್: "ಬೇಸಿಕಲಿ, ದೇವರು..." ಬೆಂಗಳೂರಿನ ಐಟಿ ಹುಡುಗ, ಮಂಡಿ: "ಒಂಥರಾ ಬ್ಯಾಕಪ್ ಸರ್ವರ್ ಸಾರ್, ಮೇನ್ ಡೌನ್ ಆದ್ರೆ..." ಮಟಾಟು ವ್ಯಾನಿನ ಡ್ರೈವರ್, ಹರ್ನಿಯಾ: "ಬ್ರೇಕ್ ಹಿಡೀದೆ ಇದ್ದಾಗ ಯಾರು..." ತತ್ವಶಾಸ್ತ್ರದ ಲೆಕ್ಚರರ್, ಮೂಗಿನ ಮೂಳೆ: "ಮೊದಲಿಗೆ ನಾವು ಈ ಪ್ರಶ್ನೆಯನ್ನೇ..." ಇದರ ಪಕ್ಕದಲ್ಲಿ ಮಾವನ ಟಿಪ್ಪಣಿ: ಪೀಠಿಕೆಯಲ್ಲೇ ಹೋದರು! ಇನ್ನೊಂದು ಪುಟದಲ್ಲಿ, ಎಂಬತ್ತು ದಾಟಿದ ಕಿಕುಯು ಬುಡಕಟ್ಟಿನ ಅಜ್ಜಿ, ಸೊಂಟದ ಮೂಳೆ: "ನಕ್ಕರು." ಅದರಡಿ ಎರಡು ಗೆರೆ.

ಮಟಾಟು ಡ್ರೈವರ್ ನಿಜವಾಗಿ ನೋಟ್‌ಬುಕ್ಕಿನಲ್ಲಿದ್ದಾನೋ, ಹೇಳಿ ಹೇಳಿ ನಾನೇ ಸೇರಿಸಿದೆನೋ, ಖಾತ್ರಿಯಿಲ್ಲ. ಹೊಡೆದುಹಾಕೋಣವೆ? ಬೇಡ ಬಿಡಿ. ಪಾಪ, ಬ್ರೇಕು ಬೇರೆ ಇಲ್ಲ.

ಎಚ್ಚರವಾಗಿದ್ದವರಿಗೂ ಮಾವನಿಂದ ಬಿಡುಗಡೆಯಿಲ್ಲ. ಒಮ್ಮೆ ಗಣೇಶನ ಹಬ್ಬಕ್ಕೆ ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿಗೆ ನನ್ನ ಗಂಡನ ಆಫೀಸಿನವರನ್ನು ಕರೆದಿದ್ದೆವು. ಎಲ್ಲರೂ ಟೆಲಿಕಾಂ ಕಂಪನಿಯವರು, ಎಲ್ಲಕ್ಕೂ ಉತ್ತರ ಇಟ್ಟುಕೊಂಡವರು. ಮಾವ ಸೋಫಾದಲ್ಲಿ ಕೂತು ನಿಯಮ ಹೇಳಿದರು. "ನಿಮ್ಮ ಡೆಫಿನಿಷನ್ ದೇವರಿಗೆ ಮಾತ್ರ ಹೊಂದಬೇಕು. ಇನ್ನು ಯಾವುದಕ್ಕೂ ಹೊಂದಬಾರದು. ಶುರು ಮಾಡಿ."

"ಎಲ್ಲೆಲ್ಲೂ ಇರೋನು," ಎಂದ ಒಬ್ಬ.

"ಜನವರಿ ತಿಂಗಳ ಧೂಳು. ಮುಂದಿನದು?"

"ಕಣ್ಣಿಗೆ ಕಾಣ್ಸಲ್ಲ, ಆದ್ರೆ ಕನೆಕ್ಟ್ ಮಾಡ್ತಾನೆ ಸಾರ್."

"ನಿಮ್ಮ ಕಂಪನಿ ನೆಟ್‌ವರ್ಕು. ಅದೂ ಮಳೆ ಬಂದ್ರೆ ಇರಲ್ಲ."

"ನಾವು ಹೇಳಿದ್ದೆಲ್ಲ ಕೇಳಿಸ್ಕೋತಾನೆ, ಉತ್ತರ ಮಾತ್ರ ಕೊಡಲ್ಲ," ಎಂದಳು ಒಬ್ಬಳು, ಈ ಸಲ ಗೆದ್ದೆ ಎನ್ನುವ ಹಾಗೆ.

ಅಡುಗೆಮನೆಯಿಂದ ಅತ್ತೆ ಕೂಗಿದರು. "ಅದು ನಮ್ಮನೆಯವರು ಕಣಮ್ಮಾ!"

ಅತ್ತೆ ಎಂದರೆ ಮಾವನ ಹೆಂಡತಿ. ಮಾವ ತಮ್ಮ ಮನೆಯಲ್ಲಿ ಪ್ರತಿದಿನ ಸೋಲುವುದು ಇವರೊಬ್ಬರ ಕೈಯಲ್ಲಿ. ಅತ್ತೆ ಕಡುಬಿನ ತಟ್ಟೆ ತಂದು ಗಣೇಶನ ಮುಂದಿಟ್ಟು, "ನಿಮ್ಮ ಡೆಫಿನಿಷನ್ ರೆಡಿ ಆಗೋವರೆಗೂ ಅವನು ಹಸ್ಕೊಂಡು ಕೂತಿರ್ಬೇಕಾ? ಗಂಟೆ ಬಾರಿಸಿ, ಏಳಿ," ಎಂದರು. ಮಾವ ಎದ್ದು ಶ್ರದ್ಧೆಯಿಂದ ಗಂಟೆ ಬಾರಿಸಿದರು. ಯಾರಿಗೆ ಬಾರಿಸುತ್ತಿದ್ದೀರಿ ಎಂದು ಕೇಳುವ ಧೈರ್ಯ ಆ ಟೆಲಿಕಾಂ ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ!

ಹೀಗೇ ಸುಖವಾಗಿ ನಡೆಯುತ್ತಿದ್ದಾಗ ಒಬ್ಬ ಪಾದ್ರಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಮಾವ ಎಂದಿನಂತೆ ಕೇಳಿದರು. ಪಾದ್ರಿ ಎಂದಿನ ಉತ್ಸಾಹದಿಂದ ಶುರು ಮಾಡಿ ಮೂರನೇ ಪದಕ್ಕೆ ಮಲಗಿದರು. ಎಡವಟ್ಟಾಗಿದ್ದು ಎದ್ದ ಮೇಲೆ. "ನಾನಿನ್ನೂ ಮುಗಿಸಿಲ್ಲ," ಎಂದು ಅವರು ನಾಲ್ಕನೇ ಪದದಿಂದ ಮುಂದುವರಿಸಿದರು. ವಾರ್ಡಿನಲ್ಲಿ ಎರಡು ದಿನ ಮುಂದುವರಿಸಿದರು. ಮೂರನೆಯ ದಿನ ಡಿಸ್ಚಾರ್ಜ್ ಆಗಿ, ತಮ್ಮ ಜೀವನದ ಅತಿ ಮುಖ್ಯ ಸಾಕ್ಷ್ಯವನ್ನು ಡಾಕ್ಟರು ನಡುವೆಯೇ ಕತ್ತರಿಸಿದರು ಎಂದು ದೂರು ಕೊಟ್ಟರು. ಆಡಳಿತದವರು ತುಂಬ ಮರ್ಯಾದೆಯಿಂದ ಮಾವನಿಗೆ ಒಂದು ಪತ್ರ ಬರೆದರು. ಇನ್ನು ಮುಂದೆ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರು ರೋಗಿಗಳಿಗೆ ಧರ್ಮದ ಪ್ರಶ್ನೆ ಕೇಳತಕ್ಕದ್ದಲ್ಲ, ಸಂಖ್ಯೆಗಳನ್ನು ಬಳಸತಕ್ಕದ್ದು.

ಮಾವ ಬಳಸಿದರು. ಒಂದು ವಾರದ ಮೇಲೆ ಸಿಕ್ಕಾಗ ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದರು. "ಹತ್ತು, ಒಂಬತ್ತು, ಎಂಟು... ಎಲ್ರೂ ಒಂದೇ ಥರ ಮಲಗ್ತಾರೆ ಕಣೆ," ಎಂದರು. ಆ ನೋಟ್‌ಬುಕ್ಕು ನೋಡಿ ಅಷ್ಟು ವರ್ಷ ನಗುತ್ತಿದ್ದ ನನಗೆ ಆ ದಿನ ನಗು ಬರಲಿಲ್ಲ. ನನಗೆ ಅವರ ಬಗ್ಗೆ ಇದ್ದ ಜಂಬ ಎಷ್ಟೆಂದು ಗೊತ್ತಾಗಿದ್ದೂ ಆಗಲೇ. ಸಾವಿರಾರು ಜನರನ್ನು ಒಬ್ಬೊಬ್ಬರಾಗಿ, ಬೇರೆಬೇರೆಯಾಗಿ ಮಲಗಿಸಿದ ಮನುಷ್ಯ ನನ್ನ ಮಾವ!

ಅದಾಗಿ ಹದಿನೈದು ದಿನಕ್ಕೆ ಮಗಳು ಬಿದ್ದಳು.

ಮುರಿದ ಮೂಳೆ ರಕ್ತನಾಳವನ್ನು ಒತ್ತಿತ್ತು. ಬೆರಳುಗಳು ತಣ್ಣಗಾಗುತ್ತಿದ್ದವು. ತಡ ಮಾಡಿದರೆ ಕೈಗೇ ತೊಂದರೆ ಎಂದರು ಸರ್ಜನ್. ಆದರೆ ಅವಳು ಆಗಷ್ಟೇ ಶಾಲೆಯಲ್ಲಿ ಹೊಟ್ಟೆ ತುಂಬ ಚಪಾತಿ, ಬೀನ್ಸ್ ಕಾಳು ತಿಂದಿದ್ದಳು. ತುಂಬಿದ ಹೊಟ್ಟೆಯಲ್ಲಿ ಮಲಗಿಸಿದರೆ ತಿಂದದ್ದು ಶ್ವಾಸಕ್ಕೆ ಹೋಗಬಹುದು. ಕಾದರೆ ಕೈ, ಕಾಯದಿದ್ದರೆ ಉಸಿರು. ನನ್ನ ಮುಂದೆ ಇದ್ದದ್ದು ಇಷ್ಟೇ. ಕಾಯುವುದು ಬೇಡ ಎಂದು ಸಹಿ ಹಾಕಿದೆ.

ಮಾವ ಬಂದವರು ಗೋಡೆಗೆ ಒರಗಿ ನಿಂತರು. "ಮನೆಯವರಿಗೆ ನಾನು ಮದ್ದು ಕೊಡೋದಿಲ್ಲ. ಬೇರೆ ಡಾಕ್ಟರ್ ಇದಾರೆ, ನನಗಿಂತ ಚುರುಕು," ಎಂದರು. ಅವರು ಹೆದರಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಮಗಳು ಅಳು ನಿಲ್ಲಿಸಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಮಾವ ಅವಳಿಗೆ ಮಾಮಜ್ಜ. "ಇಫ್ ಮಾಮಜ್ಜ ಈಸ್ ನಾಟ್ ಕಮಿಂಗ್, ಐ ಆ್ಯಮ್ ನಾಟ್ ಗೋಯಿಂಗ್."

"ಮರೀ, ನನಗೆ ವಯಸ್ಸಾಯ್ತು."

"ಸೋ?"

ಮಾವ ಗೋಡೆ ಬಿಟ್ಟು ನೆಟ್ಟಗೆ ನಿಂತರು. ಕೈ ತೊಳೆಯಲು ಹೋದರು.

ಒಳಗೆ ನಡೆದದ್ದನ್ನು ನಾನು ನೋಡಿಲ್ಲ. ಥಿಯೇಟರಿನ ಹಿರಿಯ ನರ್ಸ್ ಹೇಳಿದ್ದು ಇದು. ಎಲ್ಲ ಸಿದ್ಧವಾದ ಮೇಲೆ ಮಾವ, ಪತ್ರಕ್ಕೆ ವಿಧೇಯರಾಗಿ, ನರ್ಸಿಗೂ ತಿಳಿಯುವ ಇಂಗ್ಲಿಷಿನಲ್ಲಿ, "ಹತ್ತರಿಂದ ಎಣಿಸು ಮರಿ," ಎಂದರಂತೆ.

"ಬೋರಿಂಗ್! ಆಸ್ಕ್ ಮಿ ದ ಗಾಡ್ ಒನ್."

"ನಾನು ಕೇಳೋ ಹಾಗಿಲ್ಲ. ಲೆಟರ್ ಬಂದಿದೆ."

"ದೆನ್ ಐ ವಿಲ್ ಆಸ್ಕ್ ಯು. ವಾಟ್ ಈಸ್ ಗಾಡ್? ಒನ್ ಸೆಂಟೆನ್ಸ್, ಮಾಮಜ್ಜ."

ರೋಗಿ ಡಾಕ್ಟರನ್ನು ಕೇಳಬಾರದು ಎಂದು ಪತ್ರದಲ್ಲಿ ಎಲ್ಲೂ ಇರಲಿಲ್ಲವಂತೆ. ನರ್ಸ್ ಇದನ್ನು ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದರು.

ಮಾವ ಏನು ಉತ್ತರ ಕೊಟ್ಟರು? ಇಲ್ಲಿಂದ ಮುಂದೆ ನನ್ನ ಬಳಿ ಇರುವುದು ಒಂದಕ್ಕೊಂದು ಹೊಂದದ ಹೇಳಿಕೆಗಳು. ನರ್ಸ್ ಅದೇ ದಿನ ಹೇಳಿದ ಪ್ರಕಾರ, ಡಾಕ್ಟರು ಬಾಯಿ ಬಿಡಲಿಲ್ಲ, ಅವರ ಕಣ್ಣು ಮಾನಿಟರ್ ಮೇಲಿತ್ತು. ತಿಂಗಳಾದ ಮೇಲೆ ಅದೇ ನರ್ಸ್, ನಮ್ಮ ಮನೆಯ ಕೇಕ್ ತಿನ್ನುತ್ತಾ, "ನಿಮ್ಮ ಭಾಷೆಯಲ್ಲಿ ಏನೋ ಹೇಳಿದರು, ದನಿ ನಡುಗುತ್ತಿತ್ತು," ಎಂದರು. ಕೇಕ್ ಚೆನ್ನಾಗಿತ್ತು, ಅದಕ್ಕೇ ಸಾಕ್ಷ್ಯವೂ ಬೆಳೆದಿರಬಹುದು. ಮಗಳಿಗೆ ಮಾತ್ರ ಸಂಶಯವೇ ಇಲ್ಲ.

"ಹೀ ಸೆಡ್ ಇಟ್, ಅಮ್ಮ. ಫುಲ್ ಸೆಂಟೆನ್ಸ್. ಇನ್ ಕನ್ನಡ. ಇಟ್ ವಾಸ್ ವೆರಿ ಗುಡ್."

"ಏನಂದ್ರು?"

"ಐ ಫರ್ಗಾಟ್."

ನೋಡಿ ಹಣೆಬರಹ! ಅಷ್ಟು ವರ್ಷಗಳಲ್ಲಿ ಪೂರ್ತಿಯಾದ ಒಂದೇ ಒಂದು ವಾಕ್ಯ, ಅದನ್ನು ಕೇಳಿಸಿಕೊಂಡವಳು ಇವಳು! ಮಾವನನ್ನೇ ಕೇಳಿದೆ. "ರೋಗಿ ಮತ್ತು ಡಾಕ್ಟರ ನಡುವಿನ ಮಾತು, ಹೊರಗೆ ಹೇಳೋ ಹಾಗಿಲ್ಲ," ಎಂದು ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು.

ಆದ್ದರಿಂದ ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಿ ಮುಗಿಸುತ್ತೇನೆ. ಸರ್ಜನ್ ಹೊರಗೆ ಬಂದು, ಬೆರಳು ಬೆಚ್ಚಗಾಗಿವೆ, ಇನ್ನೇನು ಎಚ್ಚರವಾಗುತ್ತಾಳೆ, ಕರೆಯುತ್ತೇವೆ ಎಂದು ಹೋದರು. ಕರೆಯುವವರೆಗೆ ಕಾಯುವ ತಾಯಿ ಎಲ್ಲಾದರೂ ಇದ್ದಾಳೆಯೆ? ಚೇತರಿಕೆ ಕೋಣೆಯ ಬಾಗಿಲಿಗೆ ಒಂದು ದುಂಡು ಗಾಜಿತ್ತು. ಇಣುಕಿದೆ.

ಮಗಳು ಮಲಗಿದ್ದಳು. ಮಂಡಿನೋವಿನ ಮಾವ, ಪಕ್ಕದಲ್ಲೇ ಇದ್ದ ಸ್ಟೂಲನ್ನು ಬಿಟ್ಟು ಅವಳ ತಲೆಯ ಹತ್ತಿರ ನಿಂತಿದ್ದರು. ಉಸಿರಿನ ದಾರಿ ಮುಚ್ಚದಿರಲೆಂದು ಎರಡು ಬೆರಳಿಂದ ಅವಳ ಗದ್ದವನ್ನು ತುಸು ಮೇಲಕ್ಕೆತ್ತಿ ಹಿಡಿದಿದ್ದರು. ಇನ್ನೊಂದು ಅಂಗೈಯನ್ನು ಅವಳ ಬಾಯಿಗೆ ತಾಗದಷ್ಟು ಹತ್ತಿರ ಒಡ್ಡಿದ್ದರು. ಪಕ್ಕದಲ್ಲಿ ಮಾನಿಟರ್ ಇತ್ತು, ಅದರಲ್ಲಿ ಎಲ್ಲ ಅಂಕಿಗಳೂ ಇದ್ದವು. ಅವರು ಅದರ ಕಡೆ ತಿರುಗಲಿಲ್ಲ. ಅವಳ ಉಸಿರು ಅಂಗೈಗೆ ಬಂದು ತಾಗಿದಾಗಲೆಲ್ಲ, ಮಗು ಹೇಳುವ ಉದ್ದನೆಯ ಕತೆಗೆ ಹಿರಿಯರು ಹೂಂಗುಡುತ್ತಾರಲ್ಲ, ಹಾಗೆ ಮೆಲ್ಲಗೆ ತಲೆಯಾಡಿಸುತ್ತಿದ್ದರು.