ಎಲ್ಲದಕ್ಕೂ ಒಂದೇ ಲೆನ್ಸ್

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಳ್ಳಿ ತಿರುಗುವವನಿಗೆ ಫೋಟೊ ಚೆನ್ನಾಗಿ ಬರುತ್ತವೋ ಇಲ್ಲವೋ, ಇಂಥ ಪ್ರಸಂಗಗಳು ಮಾತ್ರ ತಪ್ಪದೆ ಬರುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಪಶು ಆಸ್ಪತ್ರೆಯ ನೌಕರ. ದನಗಳಿಗೆ ಲಸಿಕೆ ಹಾಕಲು ಹೋಗುವಾಗ ಬೈಕಿನ ಒಂದು ಕಡೆ ಐಸ್ ಪೆಟ್ಟಿಗೆ, ಇನ್ನೊಂದು ಕಡೆ ಕ್ಯಾಮೆರಾ. ಅದಕ್ಕಿದ್ದದ್ದು ಒಂದೇ ಜೂಮ್ ಲೆನ್ಸ್. ಹತ್ತಿರದ ಜನರ ಗುಂಪನ್ನೂ ಹಿಡಿಯುತ್ತಿತ್ತು, ದೂರದ ಹಕ್ಕಿಯನ್ನೂ ಎಳೆದು ತರುತ್ತಿತ್ತು. ಧೂಳಿನಲ್ಲಿ ನಿಂತು ಲೆನ್ಸ್ ಬದಲಾಯಿಸುವ ರಗಳೆಯಿಲ್ಲ. ರೀಲು ತೊಳೆದುಕೊಡುತ್ತಿದ್ದ ಹರಪನಹಳ್ಳಿಯ ಸ್ಟುಡಿಯೋದವರು ಅದನ್ನು ತಿರುಗಿಸಿ ನೋಡಿ, "ಎಲ್ಲಾ ಕೆಲಸನೂ ಮಾಡ್ತತಿ ಸರ್. ಯಾವುದನ್ನೂ ಪೂರ್ತಿ ಮಾಡಂಗಿಲ್ಲ" ಅಂದರು. ಹೊಟ್ಟೆಕಿಚ್ಚು ಅಂದುಕೊಂಡೆ.

ಅಲುಗಾಡದವರು

ನಮ್ಮ ಆಸ್ಪತ್ರೆಯ ಕಾಂಪೌಂಡರರ ತಂಗಿಯ ನಿಶ್ಚಿತಾರ್ಥ, ತಂಬ್ರಹಳ್ಳಿಯಲ್ಲಿ. ಮಣ್ಣಿನ ಗೋಡೆಯ ತಂಪು ಮನೆ, ಒಂದೇ ಕಿಟಕಿ. ಅವತ್ತೇ ಫ್ಲಾಶ್ ಕೈಕೊಟ್ಟಿತು. ನನ್ನ ಲೆನ್ಸೋ ಬೆಳಕು ಕುಡಿಯುವುದರಲ್ಲಿ ಬಲು ನಿಧಾನ. "ಯಾರೂ ಅಲುಗಾಡಬ್ಯಾಡ್ರಿ" ಎಂದು ಹೇಳುತ್ತಲೇ ಇದ್ದೆ. ನಿಶ್ಚಿತಾರ್ಥದ ಮನೆಯಲ್ಲಿ ಯಾರು ಕೇಳುತ್ತಾರೆ?

ಫೋಟೊ ಬಂದವು. ಹುಡುಗಿಗೆ ಎರಡು ಮೂಗು. ಹುಡುಗ ಬರೀ ಮಂಜು. ಮೂಲೆಯ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ ಹುಡುಗಿಯ ಅಜ್ಜ ಮಾತ್ರ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಮತ್ತೆ ಬಾರದ ದಿನವನ್ನು ಹಾಳು ಮಾಡಿದೆನಲ್ಲ ಎಂದು ತಲೆ ತಗ್ಗಿಸಿಕೊಂಡು ಕೊಟ್ಟೆ. ಹುಡುಗಿಯ ತಾಯಿ ಬಹಳ ಹೊತ್ತು ನೋಡಿ, "ನಮ್ಮ ಮಾವನವರು ಜೀವಮಾನದಾಗ ಒಂದು ಫೋಟೊಕ್ಕೂ ಕುಂತವರಲ್ರಿ. ಇದೊಂದು ದೊಡ್ಡದು ಮಾಡಿಸಿ ಕೊಡ್ರಿ" ಅಂದರು.

ಕಟ್ಟು ಹಾಕಿಸಿಕೊಟ್ಟಾಗ ಅಜ್ಜ ಅದನ್ನು ಎದುರಿಗೆ ಹಿಡಿದುಕೊಂಡು ಹೇಳಿದ್ದು: "ಎಚ್ಚರಿದ್ದಾಗ ನಾನು ಇಷ್ಟು ಚಲೋ ಕಾಣಂಗಿಲ್ಲ."

ಅಂಚಿನವರು

ಕೂಡ್ಲಿಗಿಯ ಕಚೇರಿಯಲ್ಲಿ ಸಾಹೇಬರೊಬ್ಬರ ನಿವೃತ್ತಿ. ಉದ್ದ ಸಾಲು, ಸಣ್ಣ ಅಂಗಳ. ಎಲ್ಲರೂ ಹಿಡಿಸಲೆಂದು ಲೆನ್ಸನ್ನು ಪೂರ್ತಿ ಅಗಲ ಮಾಡಿದೆ. ಹಾಗೆ ಮಾಡಿದರೆ ಅಂಚಿನಲ್ಲಿ ನಿಂತವರನ್ನು ಅದು ಎಳೆದು ದಪ್ಪ ಮಾಡುತ್ತದೆ. ಅಲ್ಲಿ ನಿಂತಿದ್ದವರು ಕಚೇರಿಯಲ್ಲೇ ಅತಿ ಸಣಕಲಾದ ಗುಮಾಸ್ತರೊಬ್ಬರು. ಫೋಟೊದಲ್ಲಿ ಪೈಲ್ವಾನರಂತೆ ಬಂದರು. ಖುಷಿಯಾಗಿ ಒಂದು ಪ್ರತಿ ಕೇಳಿ ಪಡೆದರು. "ಕೊಟ್ಟೂರಾಗ ನಮ್ಮವ್ವ ಅದಾಳ್ರಿ. ಸೊರಗೀಯಪ್ಪಾ ಅಂತ ದಿನಾ ಕೊರಗ್ತಾಳ. ನೋಡಿ ಸಮಾಧಾನ ಮಾಡ್ಕೊಳ್ಳಲಿ."

ಹದಿನೈದು ದಿನದ ಮೇಲೆ ಸಿಕ್ಕಾಗ ಮುಖ ಬಾಡಿತ್ತು. "ಇನ್ನೊಂದು ಫೋಟೊ ತೆಗೀರಿ ಸರ್, ನನ್ನ ನಡುವ ನಿಂದ್ರಿಸಿ."

"ಯಾಕ್ರಿ, ಅವ್ವಗ ಸಮಾಧಾನ ಆಗಲಿಲ್ಲೇನು?"

"ಆಗೈತ್ರಿ. ಅವತ್ತಿನಿಂದ ರೊಟ್ಟಿ ಗಂಟು ಕಳಿಸೋದು ನಿಲ್ಲಿಸ್ಯಾಳ."

ಮೂತಿ

ಲೆನ್ಸಿಗೆ ವಯಸ್ಸಾದಂತೆ ಅದರ ಕೊಳವೆ ಸಡಿಲವಾಯಿತು. ಕೆಳಮುಖ ಮಾಡಿದರೆ ತಾನೇ ಜಾರಿ ಉದ್ದವಾಗುತ್ತಿತ್ತು. ಚಿಗಟೇರಿಯಲ್ಲಿ ಅಜ್ಜಿಯೊಬ್ಬರ ಮಡಿಲಲ್ಲಿದ್ದ ಆಡಿನ ಮರಿಯ ಫೋಟೊಗೆಂದು ಬಗ್ಗಿದೆ. ಅಜ್ಜಿ ಮರಿಯನ್ನು ಸೆರಗಿನೊಳಗೆ ಎಳೆದುಕೊಂಡರು. "ಯಪ್ಪಾ, ಅದರ ಮೂತಿ ಬೆಳ್ಯಾಕತ್ತೈತಿ."

ತಗ್ಗಿಸಿದರೆ ಜಾರುತ್ತದೆ, ಏನೂ ಮಾಡುವುದಿಲ್ಲ ಎಂದೆ. ಅಜ್ಜಿಗೆ ಕೂಡಲೇ ಕನಿಕರ ಬಂತು. "ನನ್ನ ಚಾಳೀಸಿಗೂ ಇದಾ ರೋಗ ಐತಿ" ಎಂದು ತಮ್ಮ ಕನ್ನಡಕಕ್ಕೆ ಕಟ್ಟಿದ್ದ ದಾರ ತೋರಿಸಿದರು. ಆಮೇಲೆ ಸಂಚಿಯಿಂದ ಇನ್ನೊಂದು ದಾರ ತೆಗೆದು, ಕ್ಯಾಮೆರಾವನ್ನು ಎರಡೂ ಬದಿಯಿಂದ ಹುಡುಕಿ ಕೇಳಿದರು: "ಇದರ ಕಿವಿ ಎಲ್ಲದಾವು?"

ಮಾಗಳದ ಮೊಸಳೆ

ಇದೇ ಲೆನ್ಸನ್ನು ಪೂರ್ತಿ ಉದ್ದ ಮಾಡಿದರೆ ದೂರದ್ದು ಹತ್ತಿರ ಬರುತ್ತಿತ್ತು, ಆದರೆ ಉಣ್ಣೆ ಹೊದ್ದುಕೊಂಡಂತೆ ಮಬ್ಬಾಗಿ. ಒಂದು ಬೇಸಿಗೆಯ ಮಧ್ಯಾಹ್ನ ಮಾಗಳದ ಹೊಳೆದಂಡೆಯಲ್ಲಿದ್ದೆ. ನಡುಹೊಳೆಯ ಬಂಡೆಯ ಮೇಲೆ ಏನೋ ಉದ್ದಕ್ಕೆ, ಕಪ್ಪಗೆ ಕಂಡಿತು. ಒಂದು ಫೋಟೊ ತೆಗೆದು ಹೊರಟುಬಂದೆ.

ಮುಂದಿನ ವಾರ ಅಲ್ಲಿಯ ಚಹಾದಂಗಡಿಯಲ್ಲಿ ಅದನ್ನು ತೋರಿಸಿ, "ಇದೇನಿರಬಹುದು?" ಎಂದೆ. ಅಷ್ಟೇ ನಾನು ಹೇಳಿದ್ದು. ಮೂರನೆಯ ಕೈಗೆ ಹೋಗುವಷ್ಟರಲ್ಲಿ ಅದು ಮೊಸಳೆಯಾಗಿತ್ತು. ಊರ ಹಿರಿಯರೊಬ್ಬರು ಬೆರಳಿಟ್ಟು ಬಾಲವನ್ನೂ ತೋರಿಸಿದರು. ಫೋಟೊ ತಾವೇ ಇಟ್ಟುಕೊಂಡು, ಮರುದಿನದಿಂದ ಹೊಳೆಯ ದಾರಿಯಲ್ಲಿ ನಿಂತು, ಬಂದವರಿಗೆಲ್ಲ ತೋರಿಸಿ ವಾಪಸ್ಸು ಕಳಿಸತೊಡಗಿದರು.

ಎಮ್ಮೆಗಳು ನೀರಿಗಿಳಿಯುವುದು ನಿಂತಿತು. ಆ ಬಿಸಿಲಿಗೆ ಅವು ತೇಕುತ್ತಿದ್ದವು, ಹಾಲು ಇಳಿಯಿತು. ಔಷಧ ಕೊಡಿ ಎಂದು ಜನ ನನ್ನನ್ನೇ ಕರೆಸಿದರು. ಔಷಧ ಎಲ್ಲಿಂದ ತರಲಿ? ರೋಗ ನನ್ನ ಕ್ಯಾಮೆರಾದಿಂದಲೇ ಬಂದದ್ದು. ನಾಚಿಕೆಯಾಗಿ, ಅದು ಮೊಸಳೆ ಎಂದು ನಾನೇನೂ ಖಾತ್ರಿ ಹೇಳಲಾರೆ ಎಂದೆ. "ನೀವು ಸುಮ್ನಿರ್ರಿ ಡಾಕ್ಟ್ರೇ, ಫೋಟೊನಾ ಹೇಳ್ತೈತಿ" ಎಂದರು ಹಿರಿಯರು.

ಅಷ್ಟರಲ್ಲಿ ಅವರ ಹೆಂಡತಿ ಬಟ್ಟೆಯ ಬುಟ್ಟಿ ಹೊತ್ತು ಬಂದರು. ಬುಟ್ಟಿ ಇಳಿಸಿ, ಫೋಟೊ ಇಸಿದುಕೊಂಡು ನೋಡಿದರು. ನನ್ನ ಕಡೆ ತಿರುಗಿ, "ಇದನ್ನ ಯಾವತ್ತು ತೆಗದ್ರಿ?" ಅಂದರು.

"ಹೋದ ಗುರುವಾರಕ್ಕ ಹಿಂದಿನ ಗುರುವಾರ, ಮಧ್ಯಾಹ್ನ."

ಆಕೆ ಗಂಡನನ್ನು ನೋಡಿದರು. "ಇದು ಮೊಸಳಿ ಅಲ್ಲ. ಮೂವತ್ತು ವರ್ಷ ಈ ಬೆನ್ನು ತಿಕ್ಕೀನಿ, ನನಗ ಗೊತ್ತಾಗಂಗಿಲ್ಲೇನು? ಇದು ನೀವು. ಬಾಲ ಅಂತೀರಲ್ಲ, ಅದು ಒಣಗಾಕ ಹಾಕಿದ ನಿಮ್ಮ ಧೋತ್ರ. ಅವತ್ತು ಹಿಟ್ಟು ಬೀಸಿಸಾಕ ಹಡಗಲಿಗೆ ಹೋಗ್ತೀನಿ ಅಂದಿದ್ರಿ."

ಇಬ್ಬರು ಎಮ್ಮೆ ಬಿಚ್ಚಲು ಮೆಲ್ಲಗೆ ಎದ್ದುಹೋದರು. ಹಿರಿಯರು ಫೋಟೊ ಇಸಿದುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದರು:

"ನಾನು ಆ ಬಂಡೆ ಮ್ಯಾಲ ಮಲಗಿದ್ದು ಖರೇ. ಈ ಫೋಟೊ ನೋಡಿ, ಸದ್ಯ, ಮೊಸಳಿ ಬರೋಕಿಂತ ಮೊದಲ ಎದ್ದು ಬಂದ್ನಲ್ಲ ಅಂದ್ಕಂಡಿದ್ದೆ."